ಬಾಡಿಗೆ ಹಡಗಿನಲ್ಲಿ ಬಂದ ಕಥೆಗಾರ

ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ ಕಾದಂಬರಿಯನ್ನು ನಮ್ಮಲ್ಲಿ ಅನೇಕರು ಶಾಲೆಯ ದಿನಗಳಲ್ಲಿ ಓದಿರುತ್ತೇವೆ. ಒಂಟಿಕಾಲಿನ ಜಾನ್ ಸಿಲ್ವರ್, ಅವನ ಹೆಗಲ ಮೇಲಿನ ಗಿಳಿ, ನಿಧಿ ಹೂತಿಟ್ಟ ದ್ವೀಪ, ಇವು ಮರೆಯುವಂಥವಲ್ಲ. ಆದರೆ 1881ರಲ್ಲಿ ಈ ಕಥೆ ಬರೆಯಲು ಕುಳಿತಾಗ ಲೇಖಕನು ದಕ್ಷಿಣ ಸಮುದ್ರದ ಒಂದು ದ್ವೀಪವನ್ನೂ ಕಂಡವನಲ್ಲ. ಸ್ಕಾಟ್ಲೆಂಡಿನ ಬ್ರೇಮಾರ್ ಎಂಬ ಊರಿನಲ್ಲಿ, ಹೊರಗೆ ಮಳೆ ಸುರಿಯುತ್ತಿರಲು, ಹೆಂಡತಿಯ ಮೊದಲ ಮದುವೆಯ ಮಗನಾದ ಲಾಯ್ಡ್ ಎಂಬ ಹುಡುಗನ ಜೊತೆ ಆಟಕ್ಕೆಂದು ಬರೆದ ಒಂದು ನಕ್ಷೆಯಿಂದ ಆ ದ್ವೀಪ ಹುಟ್ಟಿತು. ಏಳು ವರ್ಷಗಳ ಬಳಿಕ ಅದೇ ಲಾಯ್ಡ್‌ನನ್ನು ಕರೆದುಕೊಂಡು ಅವನು ನಿಜವಾದ ದ್ವೀಪಗಳನ್ನು ಅರಸಿ ಹೊರಟನು. ಆ ಯಾತ್ರೆಯ ವೃತ್ತಾಂತವು ಕಾದಂಬರಿಗಿಂತ ಕಡಿಮೆ ರೋಚಕವಾದುದಲ್ಲ.

1850ರಲ್ಲಿ ಎಡಿನ್‌ಬರೋ ನಗರದಲ್ಲಿ ಹುಟ್ಟಿದ ಸ್ಟೀವನ್‌ಸನ್ ಬಾಲ್ಯದಿಂದಲೂ ರೋಗಿಷ್ಠ. ಶ್ವಾಸಕೋಶದ ಬೇನೆ; ಪದೇಪದೇ ರಕ್ತ ಕಾರುವುದು. ಚಳಿಯ ನಾಡಿನಲ್ಲಿ ಬದುಕುವ ಆಸೆ ಇರಲಿಲ್ಲ. 1887ರಲ್ಲಿ ತಂದೆ ತೀರಿಕೊಂಡರು. ಪಿತ್ರಾರ್ಜಿತವಾಗಿ ಬಂದ ಹಣದಲ್ಲಿ ಎರಡು ಸಾವಿರ ಪೌಂಡುಗಳನ್ನು ಸಮುದ್ರಯಾನಕ್ಕೆ ಪಣವಾಗಿಡಲು ಅವನು ನಿಶ್ಚಯಿಸಿದನು. ಹೆಂಡತಿ ಫ್ಯಾನಿ ಕ್ಯಾಲಿಫೋರ್ನಿಯಾದಲ್ಲಿ ‘ಕ್ಯಾಸ್ಕೋ’ ಎಂಬ ಹಾಯಿಹಡಗನ್ನು ಗೊತ್ತುಮಾಡಿ ತಂತಿ ಕಳುಹಿಸಿದಳು. ಓಕ್‌ಲೆಂಡಿನ ಡಾ. ಮೆರಿಟ್ ಎಂಬ ಧನಿಕರದು ಆ ಹಡಗು. ಸುಮಾರು 95 ಅಡಿ ಉದ್ದ, ಎರಡು ಪಟಸ್ತಂಭಗಳು, ಒಳಗೆ ಮಖಮಲ್ಲಿನ ಸುಖಾಸನಗಳು. 1888ರ ಜೂನ್ 28ರಂದು ಅದು ಸ್ಯಾನ್‌ಫ್ರಾನ್ಸಿಸ್ಕೋ ಬಂದರನ್ನು ಬಿಟ್ಟಿತು. ಹಡಗಿನಲ್ಲಿ ಅವನ ವೃದ್ಧ ತಾಯಿಯೂ ಇದ್ದರು. ಬಾಡಿಗೆದಾರನ ಸ್ಥಿತಿಯನ್ನು ನೋಡಿದ ಕಪ್ತಾನ ಓಟಿಸ್, ನಡುಗಡಲಿನಲ್ಲಿ ಶವಸಂಸ್ಕಾರ ಮಾಡಲು ಬೇಕಾದ ಸಾಮಗ್ರಿಯನ್ನು ಗುಟ್ಟಾಗಿ ಇಟ್ಟುಕೊಂಡೇ ಹೊರಟಿದ್ದನಂತೆ!

ಅದರ ಅಗತ್ಯ ಬೀಳಲಿಲ್ಲ. ಸರಿಯಾಗಿ ಒಂದು ತಿಂಗಳ ಮೇಲೆ, ಜುಲೈ 28ರ ಮುಂಜಾವಿನಲ್ಲಿ, ಮಾರ್ಕೇಸಸ್ ದ್ವೀಪಗಳಲ್ಲೊಂದಾದ ನೂಕುಹೀವ ಕಾಣಿಸಿತು. ಅನಾಹೊ ಕೊಲ್ಲಿಯಲ್ಲಿ ಲಂಗರು ಇಳಿಸಿದೊಡನೆ ದ್ವೀಪದ ಜನ ಹಡಗನ್ನೇರಿ ಬಂದರು. ಮಾತು ತಿಳಿಯದು, ಮೈತುಂಬ ಹಚ್ಚೆ. ಅವರ ನಡುವೆ ಸ್ಟೀವನ್‌ಸನ್ ತಬ್ಬಿಬ್ಬಾದನು. ಹಡಗಿಗೆ ಬಾಡಿಗೆ ಕೊಟ್ಟರೆ ದಡ ಸಿಕ್ಕುತ್ತದೆ. ದಡದ ಮೇಲಿನ ಮನುಷ್ಯ ಸಿಕ್ಕುವುದಿಲ್ಲ.

ಈ ತೊಡಕಿಗೆ ಅವನು ಕಂಡುಕೊಂಡ ಉಪಾಯವೇ ಈ ಇತಿಹಾಸದ ಸ್ವಾರಸ್ಯ. ಅವನ ಸ್ಕಾಟ್ಲೆಂಡಿನಲ್ಲಿಯೂ ಬೆಟ್ಟಗಾಡಿನ ಕುಲಗಳಿದ್ದವು. 1746ರ ಕಲೋಡನ್ ಕಾಳಗದಲ್ಲಿ ಸೋತ ಮೇಲೆ ಅವರ ಆಯುಧಗಳನ್ನು ಕಿತ್ತುಕೊಳ್ಳಲಾಯಿತು, ಕುಲದ ಉಡುಪನ್ನು ಉಡಬಾರದೆಂದು ಕಾನೂನಾಯಿತು. ಈ ದ್ವೀಪಗಳಲ್ಲಿ ಫ್ರೆಂಚರ ಆಳ್ವಿಕೆ ಬಂದಾಗಲೂ ಅದೇ ಕಥೆ: ಹಚ್ಚೆ ಕೂಡದು, ಬಂದೂಕು ಕೂಡದು. ಸ್ಟೀವನ್‌ಸನ್ ತನ್ನ ಅಜ್ಜಂದಿರ ಕಾಲದ ಕಥೆಗಳನ್ನು, ನೀರಿನಲ್ಲಿ ಕುದುರೆಯ ರೂಪದಿಂದ ಅಡಗಿರುವ ಭೂತವನ್ನು, ಮುಂದಾಗುವುದನ್ನು ಕಾಣುವ ಕಣ್ಣುಳ್ಳವರನ್ನು ಕುರಿತು ಹೇಳತೊಡಗಿದನು. ಕೇಳಿದವರು ತಮ್ಮ ಕಥೆಗಳನ್ನು ಬಿಚ್ಚಿದರು. ಔತಣದಲ್ಲಿ ಕರಿಯ ಗೂಳಿಯ ತಲೆಯನ್ನು ತಂದಿಟ್ಟು ಅತಿಥಿಗಳ ಮರಣವನ್ನು ಸೂಚಿಸಿದ ಹಳೆಯ ಸ್ಕಾಟ್ ಕಥೆಗೆ ಪ್ರತಿಯಾಗಿ ತಾಹೀತಿಯಲ್ಲಿ ಅವನಿಗೆ ರಾಹೇರೊ ಎಂಬ ವೀರನ ಐತಿಹ್ಯ ದೊರೆಯಿತು.

ಆದರೆ ಅವನು ಕೇಳಿದ್ದೆಲ್ಲ ವೀರಗಾಥೆಯಾಗಿರಲಿಲ್ಲ. ಹಾಪಾ ಎಂಬ ಪಂಗಡದಲ್ಲಿ ಸುಮಾರು 400 ಜನರಿದ್ದರಂತೆ. ಸಿಡುಬು ಬಂದು ಕಾಲುಭಾಗ ಸತ್ತರು. ಆಮೇಲೆ ಕ್ಷಯ ತಗುಲಿ, ಒಂದು ವರ್ಷ ತುಂಬುವುದರೊಳಗೆ ಉಳಿದವರು ಒಬ್ಬ ಗಂಡಸು, ಒಬ್ಬ ಹೆಂಗಸು. ಅವರೂ ಕಣಿವೆಯನ್ನು ತೊರೆದು ಓಡಿದರಂತೆ. ಶ್ವಾಸಕೋಶದ ರೋಗಿಯೊಬ್ಬನು ಬದುಕುವ ಆಸೆಯಿಂದ ಬಂದ ನಾಡಿನಲ್ಲಿ ಜನ ಅಂಥದೇ ರೋಗದಿಂದ ಅಳಿಯುತ್ತಿದ್ದರು. ಹೊರಗಿನ ಹಡಗುಗಳು ತಂದ ರೋಗಗಳಿಂದ ಆ ದ್ವೀಪಗಳು ಬರಿದಾದುದನ್ನು ಇಂದಿನ ಚರಿತ್ರಕಾರರೂ ಒಪ್ಪುತ್ತಾರೆ.

ಕ್ಯಾಸ್ಕೋ ಅಲ್ಲಿಂದ ಹವಳದ ಉಂಗುರಗಳಂತಿರುವ ತುವಾಮೋತು ದ್ವೀಪಗಳನ್ನು ಹಾದು ತಾಹೀತಿಗೆ ಬಂದಿತು. ರಾಜಧಾನಿ ಪಪೀತೆಯಲ್ಲಿ ಸ್ಟೀವನ್‌ಸನ್ನನಿಗೆ ಮತ್ತೆ ರಕ್ತಸ್ರಾವ. ಅವನನ್ನು ದ್ವೀಪದ ಆಚೆಯ ತುದಿಯಲ್ಲಿರುವ ತೌತೀರಾ ಹಳ್ಳಿಗೆ ಒಯ್ದರು. ರಾಜವಂಶದ ಮೊಯೆ ಎಂಬಾಕೆ ಉಪಚರಿಸಿದಳು. ಊರಿನ ಮುಖಂಡ ಓರಿ ತನ್ನ ಮನೆಯನ್ನೇ ಬಿಟ್ಟುಕೊಟ್ಟನು. ಅಷ್ಟರಲ್ಲಿ ಹಡಗಿನ ಮುಖ್ಯ ಪಟಸ್ತಂಭದ ಒಳಗೆಲ್ಲ ಕೊಳೆತಿರುವುದು ಬಯಲಾಯಿತು! ದೊಡ್ಡ ಗಾಳಿಯೊಂದು ಬೀಸಿದ್ದರೆ ಎಲ್ಲರೂ ನೀರುಪಾಲು. ಹಡಗು ದುರಸ್ತಿಗೆ ಪಪೀತೆಗೆ ಹೋಯಿತು. ಹೇಳಿದ ಹೊತ್ತಿಗೆ ಬರಲಿಲ್ಲ. ಊಟಕ್ಕಿದ್ದುದೂ ತೀರಿತು. ಫ್ಯಾನಿ ಕಣ್ಣೀರಿಟ್ಟಾಗ ಓರಿ ಅವರನ್ನು ಒಡಹುಟ್ಟಿದವರೆಂದು ಕರೆದು ಎರಡು ತಿಂಗಳು ಸಾಕಿದನು. ಕೆಟ್ಟ ಕಡಲಿನಲ್ಲಿ ದೋಣಿ ಹಾಕಿಕೊಂಡು ಪಪೀತೆಗೆ ಹೋಗಿ ಸುದ್ದಿಯನ್ನೂ ಸಾಮಾನನ್ನೂ ತಂದನು. ಅಲ್ಲಿಯ ಪದ್ಧತಿಯಂತೆ ಇಬ್ಬರೂ ಹೆಸರು ಬದಲಾಯಿಸಿಕೊಂಡರು. ಲೂಯಿ ಎಂಬುದು ಅಲ್ಲಿಯವರ ಬಾಯಲ್ಲಿ ‘ರುಯಿ’, ಅದು ಓರಿಯದಾಯಿತು. ಸ್ಟೀವನ್‌ಸನ್ ‘ತೇರಿಈತೇರಾ’ ಆದನು. ಹಣ ಕೊಟ್ಟು ಪಡೆದ ಹಡಗು ಕೈಕೊಟ್ಟಾಗ ಕಾಪಾಡಿದ್ದು ಹಣ ಕೊಡದೆ ಪಡೆದ ಬಾಂಧವ್ಯ.

ಕ್ರಿಸ್‌ಮಸ್ ದಿನ ಹೊರಟ ಕ್ಯಾಸ್ಕೋ 1889ರ ಜನವರಿ 24ರಂದು ಹೊನೊಲುಲು ತಲುಪಿತು. ಅಲ್ಲಿಗೆ ಬಾಡಿಗೆ ಮುಗಿಯಿತು, ಪ್ರವಾಸಿಯ ಬಾಳೂ ಮುಗಿಯಿತು ಎನ್ನಬೇಕು. ಬೇರೆ ಹಡಗಿನಲ್ಲಿ ಮುಂದುವರಿದು ಅದೇ ವರ್ಷದ ಡಿಸೆಂಬರಿನಲ್ಲಿ ಸಮೋವಾ ದ್ವೀಪಕ್ಕೆ ಬಂದವನು ವೈಲೀಮಾ ಎಂಬಲ್ಲಿ ಜಮೀನು ಕೊಂಡು ನೆಲಸಿದನು. ಜನ ಅವನನ್ನು ‘ತುಸಿತಾಲಾ’, ಅಂದರೆ ಕಥೆಗಾರ, ಎಂದು ಕರೆದರು. 1891ರಲ್ಲಿ ಅವನ ‘ಸೀಸೆಯ ಭೂತ’ದ ಕಥೆ ಸಮೋವನ್ ಭಾಷೆಗೆ ಅನುವಾದವಾಗಿ ಅಲ್ಲಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಪರರಾಷ್ಟ್ರಗಳ ಹಸ್ತಕ್ಷೇಪದ ವಿರುದ್ಧ ಅವನು ಸಮೋವನ್ನರ ಪರವಾಗಿ ಬರೆದನು. ಸೆರೆಯಲ್ಲಿದ್ದಾಗ ಅವನಿಂದ ನೆರವು ಪಡೆದಿದ್ದ ನಾಯಕರು ಬಿಡುಗಡೆಯಾದ ಮೇಲೆ, 1894ರಲ್ಲಿ, ತಮ್ಮ ಕೈಯಾರೆ ಅವನ ಮನೆಗೆ ರಸ್ತೆ ಮಾಡಿಕೊಟ್ಟರು.

ಅದೇ ವರ್ಷ ಡಿಸೆಂಬರ್ 3ರಂದು, ತನ್ನ 44ನೆಯ ವಯಸ್ಸಿನಲ್ಲಿ, ಅವನು ಹಠಾತ್ತನೆ ತೀರಿಕೊಂಡನು. ಸಮೋವನ್ನರು ರಾತ್ರೋರಾತ್ರಿ ಕಾಡು ಕಡಿದು ವೇಯಾ ಬೆಟ್ಟದ ತುದಿಗೆ ದಾರಿ ಮಾಡಿ, ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಅಲ್ಲಿ ಸಮಾಧಿ ಮಾಡಿದರು.

ಸಾಯುವ ದಿನ ಅವನ ಮೇಜಿನ ಮೇಲಿದ್ದ ಅಪೂರ್ಣ ಕಾದಂಬರಿ ಸಮೋವಾವನ್ನು ಕುರಿತದ್ದಲ್ಲ. ಅವನು ಮತ್ತೆಂದೂ ಕಾಣದ ಸ್ಕಾಟ್ಲೆಂಡನ್ನು ಕುರಿತದ್ದು. ಹುಟ್ಟಿದೂರನ್ನು ನೆನೆಯುವವನು ಬಂದ ಊರಿಗೆ ಎರವಾಗುತ್ತಾನೆಂದು ಕೆಲವರು ತಿಳಿಯುತ್ತಾರೆ. ಸ್ಟೀವನ್‌ಸನ್ನನ ವಿಷಯದಲ್ಲಿ ಹಾಗಾಗಲಿಲ್ಲ. ಅವನ ತಾಯ್ನಾಡಿನ ಕಥೆಗಳೇ ಪರನಾಡಿನ ಮನೆಬಾಗಿಲನ್ನು ತೆರೆದವು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ಅಜ್ಜಿ ಹೇಳಿದ ಕಥೆಗಳನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ಎಂದು ಅನುಮಾನಿಸುವ ನಮ್ಮಂಥವರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬಹುದು. ನಮ್ಮ ಕಥೆ ನಮ್ಮಲ್ಲಿದ್ದರೆ ತಾನೇ ನೆರೆಯವರ ಕಥೆಯನ್ನು ಕೇಳಿ ಪಡೆಯುವುದು!