ವಾಡಿಕೆಯ ಮೇಜು

1978ರ ಜೂನ್ ತಿಂಗಳು. ಬ್ಯಾಂಕಿನ ಕೆಲಸಕ್ಕೆಂದು ನಾನು ಬ್ರಹ್ಮಾವರದಿಂದ ಮದ್ರಾಸಿಗೆ ಬಂದು ನಾಲ್ಕು ದಿನವಾಗಿತ್ತಷ್ಟೆ. ಆ ಸಂಜೆ ಲೆಕ್ಕ ಹೊಂದದೆ ತಡವಾಗಿ, ಹಾಸ್ಟೆಲಿನ ಊಟದ ಹೊತ್ತು ಮೀರಿಹೋಗಿತ್ತು. ಮೈಲಾಪುರದ ಕಪಾಲೀಶ್ವರ ದೇವಸ್ಥಾನದ ಹತ್ತಿರದ ಒಂದು ಉಡುಪಿ ಹೋಟೆಲಿನ ಬಾಗಿಲಲ್ಲಿ ಹೋಗಿ ನಿಂತೆ. ಒಳಗಿನ ಮೇಜುಗಳ ತುಂಬ ಗಂಡಸರೇ. ಫ್ಯಾಮಿಲಿ ರೂಮಿನ ಪರದೆಯ ಆಚೆ ಒಬ್ಬಳೇ ಹೋಗಿ ಕೂರಲು ಸಂಕೋಚ. ವಾಪಸು ತಿರುಗಬೇಕೆನ್ನುವಷ್ಟರಲ್ಲಿ ಹೆಗಲ ಮೇಲೆ ಚೌಕ ಹಾಕಿಕೊಂಡಿದ್ದ ಒಬ್ಬ ಸಪ್ಲೈಯರ್ ಮೂಲೆಯ ಮೇಜು ಒರೆಸಿ, ಬಾಗಿಲ ಕಡೆಗಿದ್ದ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ, ನೀರಿನ ಲೋಟ ಇಟ್ಟರು. ಬನ್ನಿ ಎಂದು ಕರೆಯಲಿಲ್ಲ. ಲೋಟವೇ ಕರೆಯಿತು.

ನಾನು ಕೂತ ಮೇಲೆ ಇಬ್ಬರು ಅದೇ ಮೇಜಿನತ್ತ ಬಂದರು. ಆ ಸಪ್ಲೈಯರ್ ಅಡ್ಡ ನಿಂತು, ‘ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಸಾರ್’ ಎಂದು ತಮಿಳಿನಲ್ಲಿ ಹೇಳಿ ಬೇರೆ ಕಡೆ ಕೂರಿಸಿದರು. ನನ್ನ ಹರಕು ತಮಿಳಿನಲ್ಲಿ ಪೂರಿ ಕೇಳಿದೆ. ಅವರು ತಗ್ಗಿದ ದನಿಯಲ್ಲಿ ಕುಂದಾಪುರದ ಕಡೆಯ ಕನ್ನಡದಲ್ಲಿ, ‘ಪೂರಿ ಬ್ಯಾಡ, ತಣ್ದ್ ಹೋಯಿತ್. ಇಡ್ಲಿ ಬಿಸಿ ಇತ್ತ್’ ಎಂದರು. ಇಡ್ಲಿಗೆ ಪೂರಿಗಿಂತ ಕಡಿಮೆ ಬೆಲೆ. ಅಂದು ತಿಂದ ಎರಡು ಇಡ್ಲಿಯ ಬಿಸಿ ನನಗೆ ಈಗಲೂ ನೆನಪಿದೆ. ಪರವೂರಿನಲ್ಲಿ ಒಬ್ಬರು ನನ್ನನ್ನು ಗಮನಿಸಿದ್ದಾರೆ ಎಂಬ ನೆಮ್ಮದಿಯ ನೆನಪು ಅದು. ಮರುದಿನದಿಂದ ಅವರು ನನಗೆ ಅಣ್ಣಯ್ಯ, ಆ ಮೂಲೆ ನನ್ನ ವಾಡಿಕೆಯ ಮೇಜು.

ವಾಡಿಕೆ ಎಂದರೆ ನಮಗೆ ರೂಢಿ. ಅದೇ ಮಾತಿನಿಂದ ತಮಿಳರು ಗಿರಾಕಿಗೆ ಹೆಸರು ಕಟ್ಟಿದ್ದಾರೆ: ವಾಡಿಕ್ಕೈಯಾಳರ್. ದುಡ್ಡು ಕೊಟ್ಟು ಕೊಂಡವರು ಎನ್ನುವುದಕ್ಕಿಂತ ಬಂದು ಬಂದು ರೂಢಿಯಾದವರು ಎನ್ನುವ ಅರ್ಥ ಅದರಲ್ಲಿದೆ. ಮದ್ರಾಸಿನ ಉಡುಪಿ ಹೋಟೆಲುಗಳ ಚರಿತ್ರೆಯನ್ನು ನಾನು ಈ ಒಂದು ಪದದ ಮೂಲಕವೇ ಅರ್ಥಮಾಡಿಕೊಂಡೆ.

ನಮ್ಮವರು ಇಷ್ಟು ದೂರದ ಊರಿಗೆ ಬಂದದ್ದು ಯಾಕೆ ಎಂದು ಈಗಿನ ಮಕ್ಕಳು ಕೇಳುತ್ತಾರೆ. ಆಗ ಅದು ನಮ್ಮದೇ ರಾಜಧಾನಿ. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂಗ್ಲಿಷರ ವಶವಾದ ಕೆನರಾ, ಮುಂದೆ ಎರಡಾಗಿ ಒಡೆದು ಉತ್ತರದ ಭಾಗ ಮುಂಬಯಿಗೆ ಸೇರಿದರೂ, ದಕ್ಷಿಣದ ಭಾಗ 1956ರವರೆಗೆ ಮದ್ರಾಸಿನ ಆಡಳಿತದಲ್ಲೇ ಉಳಿಯಿತು. ನಮ್ಮ ಅಜ್ಜಂದಿರ ಗೇಣಿಯ ವ್ಯಾಜ್ಯ ಮೇಲಿನ ಕೋರ್ಟಿಗೆ ಹೋದರೆ ಅದು ಮದ್ರಾಸಿನ ಹೈಕೋರ್ಟು. 1907ರಲ್ಲಿ ಮಂಗಳೂರಿಗೆ ರೈಲು ಬಂತು. ಉಡುಪಿಯ ಕಡೆಯವರು ಹೊಳೆಗಳನ್ನು ದೋಣಿಯಲ್ಲಿ ದಾಟಿ ಮಂಗಳೂರು ಮುಟ್ಟಿದರೆ ಅಲ್ಲಿಂದ ಮಲಬಾರಿನ ಮೇಲಾಗಿ ಮದ್ರಾಸಿಗೆ ದಾರಿ ತೆರೆದಿತ್ತು. 1923ರ ಮಳೆಗಾಲದಲ್ಲಿ ನೇತ್ರಾವತಿಯಂಥ ನದಿಗಳು ಉಕ್ಕಿ ಗದ್ದೆ ಮನೆಗಳನ್ನು ಕೊಚ್ಚಿಕೊಂಡು ಹೋದವು. ತುಂಡು ಭೂಮಿ, ತುಂಬಿದ ಸಂಸಾರ. ಹತ್ತು ಹನ್ನೆರಡು ವರ್ಷದ ಹುಡುಗರನ್ನು ‘ಅಲ್ಲಿ ಹೊಟ್ಟೆಗಾದರೂ ಸಿಗುತ್ತದೆ’ ಎಂದು ಹೋಟೆಲಿಗೆ ಕಳಿಸುವುದು ಮನೆಮನೆಯ ಕತೆಯಾಯಿತು.

ಅಂಥವರಲ್ಲಿ ಒಬ್ಬರು 1898ರಲ್ಲಿ ಕಡಂದಲೆಯಲ್ಲಿ ಹುಟ್ಟಿದ ಕೆ. ಕೃಷ್ಣರಾಯರು. ಮದ್ರಾಸಿಗೆ ಬಂದು ಜಾರ್ಜ್ ಟೌನಿನ ಆಚಾರಪ್ಪನ್ ಬೀದಿಯ ಹೋಟೆಲಿನಲ್ಲಿ ದುಡಿದರು, ಮುಂದೆ ಅದನ್ನೇ ನಡೆಸಿದರು. ಆಮೇಲೆ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ. 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು, ಆ ಬಂಗಲೆಗಿದ್ದ ವುಡ್‌ಲ್ಯಾಂಡ್ಸ್ ಎಂಬ ಹೆಸರನ್ನೇ ಉಳಿಸಿಕೊಂಡು ವಸತಿ ಹೋಟೆಲು ತೆರೆದರು. ಇಂಗ್ಲಿಷ್ ಹೆಸರಿನ ಬಂಗಲೆಯಲ್ಲಿ ಇಡ್ಲಿ, ದೋಸೆ, ಸಾರು, ಮಜ್ಜಿಗೆ! ದೊಡ್ಡ ಹೋಟೆಲು ಎಂದರೆ ಬಿಳಿಯರ ಊಟ, ಬಿಳಿಯರ ರೀತಿ ಎಂದಿದ್ದ ಕಾಲದಲ್ಲಿ ನಮ್ಮ ಊಟಕ್ಕೂ ಆ ಅಂತಸ್ತು ಸಿಕ್ಕಿತು. ಮುಂದೆ ಎಡ್ವರ್ಡ್ ಎಲಿಯಟ್ಸ್ ರೋಡಿನಲ್ಲಿ, ಅಂದರೆ ಇಂದಿನ ರಾಧಾಕೃಷ್ಣನ್ ಸಾಲೈಯಲ್ಲಿ, ನ್ಯೂ ವುಡ್‌ಲ್ಯಾಂಡ್ಸ್ ಬಂತು. ಮೈಸೂರಿನಲ್ಲಿ ಹೆಸರು ಮಾಡಿದ್ದ ಕೆ. ಸೀತಾರಾಮರಾಯರು 1954ರಲ್ಲಿ ಪೂನಮಲ್ಲಿ ಹೈ ರೋಡಿನಲ್ಲಿ ದಾಸಪ್ರಕಾಶ್ ತೆರೆದು ಇಡೀ ಊರಿಗೆ ಐಸ್‌ಕ್ರೀಮಿನ ರುಚಿ ಹತ್ತಿಸಿದರು. ಕನ್ನಡ ಸಿನಿಮಾಗಳು ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಆ ವರ್ಷಗಳಲ್ಲಿ ಊರಿನಿಂದ ಬಂದ ಕನ್ನಡಿಗರಿಗೆಲ್ಲ ಉಡುಪಿ ಹೋಟೆಲೇ ಮೊದಲ ನೆರಳು.

ಮಾಲೀಕರ ಹೆಸರುಗಳು ಚರಿತ್ರೆಯಲ್ಲಿ ಉಳಿದಿವೆ, ಉಳಿಯಬೇಕಾದ್ದೇ. ಆದರೆ ಈ ಹೋಟೆಲುಗಳನ್ನು ಜನರ ಮನಸ್ಸಿನಲ್ಲಿ ನಿಲ್ಲಿಸಿದ್ದು ಬಡಿಸುವ ಕೈಗಳು. ಬಡಿಸುವುದನ್ನು ಅವರಲ್ಲಿ ಹಲವರು ಕಲಿತದ್ದು ಊರಿನಲ್ಲೇ. ಉಡುಪಿಯ ಕೃಷ್ಣನಿಗೆ ಅನ್ನಬ್ರಹ್ಮ ಎಂದೇ ಹೆಸರು. ಎರಡು ವರ್ಷಕ್ಕೊಮ್ಮೆ ಪರ್ಯಾಯ ಬದಲಾದರೂ ಅಲ್ಲಿ ಪಂಕ್ತಿಯ ಊಟ ನಿಲ್ಲುವುದಿಲ್ಲ. ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಆಮೇಲೆ ಪಲ್ಯ, ಅನ್ನ, ಸಾರು ಎಂಬ ಕ್ರಮ. ಬಗ್ಗಿ ಬಡಿಸಬೇಕು, ಎಲೆಯ ಮೇಲೆ ಎಸೆಯಬಾರದು. ಉಣ್ಣುವವರು ಕೈ ಅಡ್ಡ ಹಿಡಿದರೆ ಸಾಕು ಎಂದು ಅರ್ಥ, ತಲೆ ಎತ್ತಿದರೆ ಬೇಕು ಎಂದು ಅರ್ಥ. ಬಾಯಿ ತೆರೆದು ಕೇಳುವ ಸ್ಥಿತಿಗೆ ಉಣ್ಣುವವರನ್ನು ತಂದರೆ ಅದು ಬಡಿಸುವವರಿಗೆ ಅವಮಾನ.

ಅದೇ ಪಂಕ್ತಿಯಲ್ಲಿ ಭೇದವೂ ಇತ್ತು ಎನ್ನುವುದನ್ನು ಬಿಟ್ಟು ನಾನು ಈ ಕತೆ ಹೇಳಲಾರೆ. ಹಳೆಯ ಮದ್ರಾಸಿನ ಎಷ್ಟೋ ಕಾಫಿ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ, ಉಳಿದವರಿಗೆ ಬೇರೆ. ಕೆಲವರಿಗಂತೂ ಬಾಗಿಲಾಚೆಯೇ ಜಾಗ. 1950ರಲ್ಲಿ ಜಾರಿಗೆ ಬಂದ ಸಂವಿಧಾನ ತನ್ನ 15ನೇ ವಿಧಿಯಲ್ಲಿ ಹೋಟೆಲುಗಳನ್ನು ಹೆಸರಿಸಿಯೇ, ಜಾತಿಯ ಕಾರಣಕ್ಕೆ ಅಲ್ಲಿ ಯಾರನ್ನೂ ತಡೆಯಕೂಡದು ಎಂದಿತು. ಊಟದ ಮನೆಯ ಬಾಗಿಲು ದೇಶದ ಸಂವಿಧಾನಕ್ಕೆ ಬರಬೇಕಾಯಿತು ಎಂದರೆ ಆ ಗಾಯದ ಆಳ ತಿಳಿಯುತ್ತದೆ. 1957ರಲ್ಲಿ ಟ್ರಿಪ್ಲಿಕೇನಿನ ಮುರಳಿ ಕೆಫೆಯ ಮುಂದೆ ಪೆರಿಯಾರರ ಅನುಯಾಯಿಗಳು ಬೋರ್ಡಿನಲ್ಲಿದ್ದ ‘ಬ್ರಾಹ್ಮಣ’ ಎಂಬ ಪದ ಅಳಿಸಬೇಕೆಂದು ಚಳವಳಿ ಹೂಡಿದರು. ಅಣ್ಣಯ್ಯನಿಗೆ ಆಗ ಇಪ್ಪತ್ತನಾಲ್ಕು ವರ್ಷ. ‘ಲೋಟ ತೊಳೆವವನಿಗೆ ಯಾವ ಲೋಟ ಯಾರದ್ದು ಅಂತ ಗೊತ್ತಿರುದಿಲ್ಲೆ ತಂಗೀ. ನಂಗೆ ಮೊದಲೇ ಗೊತ್ತಿತ್ತು, ಎಲ್ಲ ಒಂದೇ ಅಂತ’ ಎಂದು ಅವರು ಒಮ್ಮೆ ಹೇಳಿದ್ದರು. ಎಲ್ಲರಿಗೂ ಒಂದೇ ಲೋಟ ಸಿಕ್ಕ ಮೇಲೆಯೇ ಆ ಉಪಚಾರ ಪೂರ್ಣವಾದದ್ದು ಎಂದು ನಾನು ನಂಬುತ್ತೇನೆ.

ಅಣ್ಣಯ್ಯನ ಕೆಲಸವನ್ನು ವರ್ಷಗಟ್ಟಲೆ ನೋಡುತ್ತ ಕೂತಿದ್ದೇನೆ. ಎಡಗೈಯ ಬೆರಳಿನಿಂದ ಮೊಣಕೈಯವರೆಗೆ ಸಾಲಾಗಿ ತಟ್ಟೆಗಳು, ಬಲಗೈಯಲ್ಲಿ ಕಾಫಿಯ ಡಬರಾ. ಏಳೆಂಟು ಮೇಜುಗಳ ಆರ್ಡರು ತಲೆಯಲ್ಲೇ. ಕಾಗದವಿಲ್ಲ, ಪೆನ್ಸಿಲಿಲ್ಲ. ಗಿರಾಕಿ ಎದ್ದಾಗ ತಿಂದದ್ದನ್ನೆಲ್ಲ ಸಾಲಾಗಿ ಹೇಳಿ ಗಲ್ಲಾದವರಿಗೆ ಮೊತ್ತ ಕೂಗುತ್ತಿದ್ದರು, ತಪ್ಪಿದ್ದನ್ನು ನಾನು ನೋಡಿಲ್ಲ. ಯಾರಿಗೆ ಸಕ್ಕರೆ ಬೇಡ, ಯಾರ ಕಾಫಿಗೆ ಡಿಕಾಕ್ಷನ್ ಹೆಚ್ಚು, ಯಾರು ಶನಿವಾರ ಒಪ್ಪೊತ್ತು ಎಲ್ಲ ಗೊತ್ತು. ಕೈ ನಡುಗುವ ಒಬ್ಬ ಮುದುಕರಿಗೆ ಮುಕ್ಕಾಲು ಲೋಟ ಕಾಫಿ ಕೊಟ್ಟು, ಅದು ಮುಗಿದ ಮೇಲೆ ಉಳಿದ ಕಾಲು ಲೋಟ ತಂದು ಸುರಿಯುತ್ತಿದ್ದರು. ಚೆಲ್ಲಿದರೆ ಅವರಿಗೆ ನಾಚಿಕೆಯಾದೀತು ಎಂದು. ಕಾಲು ಲೋಟವನ್ನು ಹಿಂದೆ ಉಳಿಸಿಕೊಂಡದ್ದು ಆ ಮುದುಕರಿಗೂ ಗೊತ್ತಾಗದಂತೆ ನಡೆಯುತ್ತಿತ್ತು.

1984ರ ಒಂದು ಮಧ್ಯಾಹ್ನ. ಬ್ಯಾಂಕಿನಲ್ಲಿ ಕೌಂಟರಿನ ಮುಂದೆ ಉದ್ದ ಸಾಲು. ಅರ್ಜಿ ಎಳೆದುಕೊಂಡು, ತಲೆ ಎತ್ತದೆ, ‘ಪೇರು?’ ಎಂದೆ. ಉತ್ತರ ಬರಲಿಲ್ಲ. ಮತ್ತೆ ಕೇಳಿದೆ, ಸ್ವಲ್ಪ ಗಡುಸಾಗಿ. ಆಗ ತಲೆ ಎತ್ತಿದರೆ ಎದುರಿಗೆ ಅಣ್ಣಯ್ಯ. ಒಗೆದು ಮಡಿಸಿದ ಬಿಳಿ ಅಂಗಿ, ಕೈಯಲ್ಲಿ ಕರ್ಚೀಫಿನಲ್ಲಿ ಕಟ್ಟಿದ ದುಡ್ಡು. ಆರು ವರ್ಷ ಅವರ ಕೈಯ ಊಟ ಉಂಡವಳು ನಾನು, ಅವರ ಹೆಸರು ನನಗೆ ಗೊತ್ತಿರಲಿಲ್ಲ. ಅದನ್ನು ನಾನು ತಿಳಿದದ್ದು ಬ್ಯಾಂಕಿನ ಫಾರಮಿನಿಂದ. ಹುಟ್ಟಿದ ವರ್ಷ 1933. ಊರು ಕೋಟ. ಎಷ್ಟು ವರ್ಷದಿಂದ ಕೆಲಸ ಎಂದಾಗ, ‘ಹನ್ನೊಂದನೇ ವರ್ಷಕ್ಕೆ ಕ್ಲೀನರ್ ಆಗಿ ಬಂದೆ’ ಎಂದರು. ನನ್ನ ತಲೆಯ ಮೇಲಿನ ಗೋಡೆಯಲ್ಲಿ, ಗಿರಾಕಿಯೇ ನಮ್ಮಲ್ಲಿಗೆ ಬರುವ ಅತಿ ಮುಖ್ಯ ಅತಿಥಿ ಎಂಬರ್ಥದ, ಗಾಂಧೀಜಿಯ ಹೆಸರು ಹಾಕಿದ ಬೋರ್ಡು ತೂಗುತ್ತಿತ್ತು. ಆ ಮಾತು ಗಾಂಧೀಜಿಯವರ ಬರಹಗಳಲ್ಲಿ ಸಿಗುವುದಿಲ್ಲ ಎಂದು ಬಹಳ ಕಾಲದ ಮೇಲೆ ಓದಿದೆ. ಯಾರದೇ ಮಾತಾಗಿರಲಿ, ಅದರ ಕೆಳಗೆ ಕೂತಿದ್ದ ನನಗೆ ಅದು ತಟ್ಟಿರಲಿಲ್ಲ. ಬೋರ್ಡಿಲ್ಲದೆ ಅದನ್ನು ನಡೆಸಿ ತೋರಿಸಿದವರು ಎದುರಿಗೆ ನಿಂತಿದ್ದರು.

ನಮ್ಮ ಜಿಲ್ಲೆಯ ಬ್ಯಾಂಕುಗಳಿಗೂ ಈ ಪಾಠ ಹೊಸದಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನವೂ ಮನೆ, ಅಂಗಡಿಗಳ ಬಾಗಿಲಿಗೇ ಹೋಗಿ ಎರಡಾಣೆ ಕೂಡ ಪಡೆದು ಬರೆದುಕೊಳ್ಳುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಬಳಿಗೆ ಬ್ಯಾಂಕೇ ನಡೆದು ಹೋದ ಹಾಗೆ. ಅಣ್ಣಯ್ಯ ಕೌಂಟರಿಗೆ ಬಂದ ಆ ದಿನದ ನಂತರ ಮೊದಲು ಮುಖ ನೋಡಿ ಆಮೇಲೆ ಕಾಗದ ಮುಟ್ಟುವುದನ್ನು ನಾನು ರೂಢಿ ಮಾಡಿಕೊಂಡೆ. ನಿವೃತ್ತಿಯವರೆಗೂ ಬಿಡಲಿಲ್ಲ.

ಹನ್ನೊಂದು ವರ್ಷದ ಮಗು ಲೋಟ ತೊಳೆಯುತ್ತ ಬೆಳೆದದ್ದನ್ನು ನಾನು ಹೊಗಳಲಾರೆ. ಹದಿನಾಲ್ಕರೊಳಗಿನ ಮಕ್ಕಳು ಹೋಟೆಲುಗಳಲ್ಲಿ ದುಡಿಯಕೂಡದು ಎಂಬ ನಿಷೇಧ 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದಾಗ ಅಣ್ಣಯ್ಯನಿಗೆ ನನಗಿಂತ ಹೆಚ್ಚು ಸಂತೋಷವಾಗಿತ್ತು. ‘ಓದಿಯೂ ಬಡಿಸೂಕೆ ಆತ್ತ್’ ಎಂದಿದ್ದರು.

1962ರಲ್ಲಿ ಕೃಷ್ಣರಾಯರು ಕೆಥೀಡ್ರಲ್ ರೋಡಿನಲ್ಲಿ, ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ತೋಟದ ಮರಗಳ ನಡುವೆ, ಡ್ರೈವ್-ಇನ್ ಹೋಟೆಲು ತೆರೆದಿದ್ದರು. ಅಮೆರಿಕದ ಕಲ್ಪನೆ, ಉಡುಪಿಯ ಉಪಚಾರ. ಕಾರಿನ ಕಿಟಕಿಗೆ ತಟ್ಟೆ ಸಿಕ್ಕಿಸಿ ದೋಸೆ ಇಟ್ಟು ಹೋಗುತ್ತಿದ್ದರು. ಕಾರಿಲ್ಲದ ನಮ್ಮಂಥವರು ಒಳಗಿನ ಮೇಜಿನಲ್ಲಿ ಒಂದು ಕಾಫಿಯ ಮೇಲೆ ಗಂಟೆಗಟ್ಟಲೆ ಕೂರಬಹುದಿತ್ತು, ಯಾರೂ ಎಬ್ಬಿಸುತ್ತಿರಲಿಲ್ಲ. 2008ರಲ್ಲಿ ಅದು ಮುಚ್ಚುತ್ತದೆ ಎಂದು ತಿಳಿದಾಗ, ಮಗನ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದ ಅಣ್ಣಯ್ಯನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಎಪ್ಪತ್ತೈದರ ಆ ಮನುಷ್ಯ ಗಿರಾಕಿಯಾಗಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಲೆ ನರೆತ ಸಪ್ಲೈಯರ್ ಬಂದರು. ಅಣ್ಣಯ್ಯ ಮೊದಲು ಅವರ ಹೆಸರು ಕೇಳಿದರು, ಆಮೇಲೆ ಊರು, ಆಮೇಲೆ ‘ಇವತ್ತು ಯಾವುದು ಒಳ್ಳೇದಿತ್ತು?’ ಎಂದು. ಅವರು ಹೇಳಿದ್ದನ್ನೇ ತರಿಸಿದರು. ತಿಂದಾದ ಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಖಾಲಿ ಲೋಟವನ್ನು ಡಬರಾದೊಳಗೆ ಕೂರಿಸಿ, ಎಲ್ಲವನ್ನೂ ಮೇಜಿನ ಅಂಚಿಗೆ ಸರಿಸಿದರು. ‘ಇಡೀ ದಿನ ಕೈ ಚಾಚಿ ಚಾಚಿ ಹೆಗಲು ನೋವ್ ಬತ್ತ್ ತಂಗೀ. ಇಷ್ಟು ಸರಿಸಿದ್ರೆ ಅವ್ರಿಗೆ ಒಂದು ಮಾರು ಉಳೀತ್’ ಎಂದರು. ಹೊರಡುವಾಗ ಆ ಸಪ್ಲೈಯರನ್ನು ಹೆಸರು ಹಿಡಿದು ಕರೆದು, ಹೋಗಿಬರುತ್ತೇವೆ ಎಂದರು.

ಆ ಜಾಗದಲ್ಲಿ 2010ರಿಂದ ಸೆಮ್ಮೊಳಿ ಪೂಂಗಾ ಎಂಬ ಸರ್ಕಾರಿ ಉದ್ಯಾನವಿದೆ. ಅಣ್ಣಯ್ಯ ಈಗಿಲ್ಲ. ಬೆಳಿಗ್ಗೆ ಅಲ್ಲಿನ ಹಳೆಯ ಮರಗಳ ಕೆಳಗೆ ಎರಡು ಸುತ್ತು ನಡೆದು, ಮೈಲಾಪುರದಲ್ಲಿ ಕಾಫಿ ಕುಡಿದು ಮನೆಗೆ ಬರುತ್ತೇನೆ. ತಂದುಕೊಡುವ ಹುಡುಗರು ಈಗ ಒಡಿಶಾ, ಅಸ್ಸಾಮಿನಿಂದ ಬಂದವರು. ನನ್ನಂತೆಯೇ ಹರಕು ತಮಿಳಿನಲ್ಲಿ ಈ ಊರಿನ ಬದುಕು ಶುರುಮಾಡಿದವರು. ನಾನು ಅವರ ಹೆಸರು ಕೇಳುತ್ತೇನೆ. ಕಾಫಿ ಮುಗಿದ ಮೇಲೆ ಲೋಟವನ್ನು ಡಬರಾದೊಳಗೆ ಕೂರಿಸಿ ಮೇಜಿನ ಅಂಚಿಗೆ, ಅವರ ಕೈಗೆ ಎಟುಕುವಲ್ಲಿಗೆ, ಸರಿಸಿ ಏಳುತ್ತೇನೆ.