ಬಂಗಿಗೆ ಗಿಡಮೂಲಿಕೆ ಕ್ರೀಮ್: ತಯಾರಿ ಹೇಗೆ, ಎಚ್ಚರಿಕೆ ಏನು?

ಕನ್ನಡದಲ್ಲಿ ಬಂಗು, ತೆಲುಗಿನಲ್ಲಿ ಮಂಗು. ಕೆನ್ನೆ, ಹಣೆ, ಮೂಗಿನ ಮೇಲೆ ಕಂದು ಬಣ್ಣದಲ್ಲಿ ಹರಡುವ ಈ ಕಲೆ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದಲ್ಲಿ ಹೊಲದ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಹೊಸದೇನಲ್ಲ. ಗದ್ವಾಲ್ ಸೀಮೆಯ ಹತ್ತಿ ಬೀಜದ ಹೊಲಗಳಲ್ಲಿ ಹೂವುಗಳ ಕ್ರಾಸಿಂಗ್ ಕೈಯಿಂದಲೇ ಆಗಬೇಕು. ಅಷ್ಟು ಹೊತ್ತೂ ಮುಖಕ್ಕೆ ಬಿಸಿಲು ತಪ್ಪುವುದಿಲ್ಲ.

ಕಲೆ ಏಕೆ ಮೂಡುತ್ತದೆ?

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದರ ತಯಾರಿಗೆ ಟೈರೋಸಿನೇಸ್ ಎಂಬ ಕಿಣ್ವ ಬೇಕು. ಬಿಸಿಲು, ಗರ್ಭಾವಸ್ಥೆ, ಗರ್ಭನಿರೋಧಕ ಮಾತ್ರೆ, ಮೊಡವೆಯ ಗಾಯ ಇವುಗಳಿಂದ ಮೆಲನಿನ್ ಹೆಚ್ಚಾಗಿ ಕಲೆ ಮೂಡುತ್ತದೆ. ಆಯುರ್ವೇದ ಇದನ್ನು ವ್ಯಂಗ ಎನ್ನುತ್ತದೆ.

ಯಾವ ಮೂಲಿಕೆ?

ಜೇಷ್ಠಮಧು ಬೇರಿನಲ್ಲಿ (ತೆಲುಗಿನ ಅತಿಮಧುರಂ) ಗ್ಲಾಬ್ರಿಡಿನ್, ಲೋಳೆಸರದಲ್ಲಿ (ಕಲಬಂದ) ಅಲೋಸಿನ್ ಎಂಬ ಅಂಶಗಳಿವೆ. ಇವು ಟೈರೋಸಿನೇಸ್ ಕಿಣ್ವವನ್ನು ತಡೆಯುತ್ತವೆ. ಅರಿಶಿನದ ಕರ್ಕ್ಯುಮಿನ್‌ಗೂ ಈ ಗುಣವಿದೆ, ಆದರೆ ಅದರ ಹಳದಿ ಮುಖಕ್ಕೂ ಬಟ್ಟೆಗೂ ಹತ್ತುತ್ತದೆ. 1991ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಮಿ ಲ್ಯಾಬ್ಸ್ (ಈಗಿನ ಸಮಿ-ಸಬಿನ್ಸಾ) ಇದಕ್ಕೊಂದು ದಾರಿ ಕಂಡುಕೊಂಡಿದೆ. ಅರಿಶಿನದಿಂದಲೇ ಪಡೆದು ಬಣ್ಣ ತೆಗೆದ ಟೆಟ್ರಾಹೈಡ್ರೋಕರ್ಕ್ಯುಮಿನ್ ಅಂಶವನ್ನು ಅದು ಸಬಿವೈಟ್ ಹೆಸರಿನಲ್ಲಿ ಕ್ರೀಮ್ ತಯಾರಕರಿಗೆ ಮಾರುತ್ತದೆ.

ಅರೆದು ಕಲಸಿದರೆ ಸಾಲದು

ಒಂದೇ ಬೇರಿನಲ್ಲಿ ಮಣ್ಣು, ಹವೆ, ಕೊಯ್ಲಿನ ಕಾಲಕ್ಕೆ ತಕ್ಕಂತೆ ಔಷಧಾಂಶ ಬದಲಾಗುತ್ತದೆ. ಆದ್ದರಿಂದ ಮೊದಲು ಸಾರ ತೆಗೆದು, ಅದರಲ್ಲಿ ಔಷಧಾಂಶ ಎಷ್ಟಿದೆ ಎಂದು ಅಳೆಯಬೇಕು. ನಂತರ ಎಣ್ಣೆ ಮತ್ತು ನೀರು ಬೇರ್ಪಡದಂತೆ ಬೆರೆಸಬೇಕು. ನೀರಿರುವ ಕ್ರೀಮಿನಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುವುದರಿಂದ ಸಂರಕ್ಷಕ ಸೇರಿಸಲೇಬೇಕು. ಬಿಸಿಲಿನ ನಾಡಿನಲ್ಲಿ ಕೆಡದೆ ಉಳಿಯುವುದೇ ಎಂದು ತಿಳಿಯಲು 40 ಡಿಗ್ರಿ ಸೆಲ್ಸಿಯಸ್ ಶಾಖ, ಶೇ. 75ರಷ್ಟು ತೇವಾಂಶದಲ್ಲಿ 6 ತಿಂಗಳು ಇಟ್ಟು ನೋಡುವ ಪದ್ಧತಿ ಇದೆ. ಕೊನೆಗೆ ಚರ್ಮದ ಮೇಲೆ ಪರೀಕ್ಷೆ. ಮಾರಾಟಕ್ಕೆಂದು ತಯಾರಿಸುವವರು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ಪರವಾನಗಿ ಪಡೆಯುವುದು ಕಡ್ಡಾಯ.

ಮನೆಮದ್ದಿನಲ್ಲೂ ಜಾಗ್ರತೆ ಬೇಕು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಇನ್ನಷ್ಟು ಕಪ್ಪಾಗಬಹುದು.

ವಾರದಲ್ಲೇ ಬಿಳುಪು?

ಒಳ್ಳೆಯ ಕ್ರೀಮ್ ಆದರೂ ಕಲೆ ತಿಳಿಯಾಗಲು ತಿಂಗಳುಗಳೇ ಬೇಕು. ವಾರದೊಳಗೆ ಮುಖ ಬೆಳ್ಳಗಾಗುತ್ತದೆ ಎಂದರೆ ಅನುಮಾನಿಸಬೇಕು. ಅಂಥ ಡಬ್ಬಿಯಲ್ಲಿ ಸ್ಟಿರಾಯ್ಡ್ ಅಥವಾ ಪಾದರಸ ಇದ್ದೀತು. ಸ್ಟಿರಾಯ್ಡ್ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಬಿಟ್ಟರೆ ಉರಿ ಹೆಚ್ಚುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟಿರಾಯ್ಡ್ ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರದಂತೆ ನಿಯಮ ಮಾಡಿತು. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮ್ ಬಳಸಿದ ಕೆಲವರಲ್ಲಿ ಮೂತ್ರಪಿಂಡದ ಕಾಯಿಲೆ ಕಂಡುಬಂತು. ಅದಕ್ಕೆ ಪಾದರಸದ ನಂಟಿರುವುದನ್ನು ವೈದ್ಯರು ಗುರುತಿಸಿದರು.

ಕೊಳ್ಳುವ ಮುನ್ನ

* ಡಬ್ಬಿಯ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ ಮತ್ತು ಒಳಗಿರುವ ವಸ್ತುಗಳ ಪಟ್ಟಿ ನೋಡಬೇಕು. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಡಬ್ಬಿ ಬೇಡ.
* ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಎಂದಿದ್ದರೆ ಅದು ಸ್ಟಿರಾಯ್ಡ್.
* ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ 48 ಗಂಟೆ ಕಾಯಬೇಕು. ತುರಿಕೆ, ಕೆಂಪು ಕಂಡರೆ ಬಿಡಬೇಕು.
* ಗರ್ಭಿಣಿಯರು, ಹಾಲೂಡಿಸುವವರು ವೈದ್ಯರನ್ನು ಕೇಳದೆ ಹಚ್ಚಬಾರದು.

ಬಿಸಿಲು ತಡೆಯದಿದ್ದರೆ ಯಾವ ಮೂಲಿಕೆಯೂ ಫಲ ಕೊಡದು. ಹೊಲಕ್ಕೆ ಹೊರಡುವಾಗ ಅಗಲ ಅಂಚಿನ ಟೋಪಿ ಹಾಕಿಕೊಂಡು, ಸೆರಗಿನಿಂದ ಕೆನ್ನೆ, ಹಣೆ ಮುಚ್ಚಿಕೊಳ್ಳುವುದು ಖರ್ಚು ಕಡಿಮೆಯ ಚಿಕಿತ್ಸೆ. ಸಾಧ್ಯವಿದ್ದವರು ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಅನ್ನು ಎರಡು ಗಂಟೆಗೊಮ್ಮೆ ಹಚ್ಚಬೇಕು. ಕಲೆ ಹಬ್ಬುತ್ತಿದ್ದರೆ ಅಥವಾ ಆ ಜಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ ಕ್ರೀಮ್ ಹುಡುಕುವ ಬದಲು ಚರ್ಮವೈದ್ಯರನ್ನು ಕಾಣುವುದೇ ಲೇಸು.