ಕಿವಿಗಿಂತ ಮೊದಲು ಕಣ್ಣು

ನಮ್ಮ ಕಡೆ ಚುನಾವಣೆ ಬಂದರೆ ಅಭ್ಯರ್ಥಿಗಳು ಮನೆ ಬಾಗಿಲಿಗೆ ಬಂದು ಕೈ ಮುಗಿಯುತ್ತಾರೆ. ಎದುರಾಳಿಯ ಪಕ್ಕದಲ್ಲೇ ನಿಂತು ಪ್ರಶ್ನೆಗೆ ಉತ್ತರ ಕೊಟ್ಟಿದ್ದನ್ನು ನಾವಂತೂ ನೋಡಿಲ್ಲ. ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಅದು ಟಿವಿಗೆ ಬಂದಿದ್ದು 1960ರ ಸೆಪ್ಟೆಂಬರ್ 26ರಂದು. ಶಿಕಾಗೋದ ಸ್ಟುಡಿಯೋದಲ್ಲಿ ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್. ನೋಡಿದವರು ಸುಮಾರು 7 ಕೋಟಿ ಜನ.

ನಿಕ್ಸನ್ ಆಗ ಉಪಾಧ್ಯಕ್ಷರು, ವಾದದಲ್ಲಿ ಪಳಗಿದವರು. ಆದರೆ ಮೊಣಕಾಲಿಗೆ ಪೆಟ್ಟಾಗಿ, ಸೋಂಕು ತಗುಲಿ, ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಿದ್ದರು. ಮೈ ಇಳಿದಿತ್ತು. ಮೇಕಪ್ ಬೇಡ ಅಂದರು. ಗಡ್ಡದ ಕಪ್ಪು ಕಾಣದಿರಲಿ ಅಂತ ಒಂದಿಷ್ಟು ಪೌಡರ್ ಹಚ್ಚಿಕೊಂಡರು. ದೀಪದ ಬಿಸಿಗೆ ಬೆವರು ಇಳಿಯಿತು. ಬೂದು ಸೂಟು, ಹಿಂದೆ ಬೂದು ಪರದೆ. ಕಪ್ಪು-ಬಿಳುಪು ಟಿವಿಯಲ್ಲಿ ಮನುಷ್ಯ ಗೋಡೆಯೊಳಗೆ ಕರಗಿದಂತೆ ಕಂಡರು. ಕೆನಡಿಯದು ಕಡು ಬಣ್ಣದ ಸೂಟು, ಕ್ಯಾಮೆರಾ ಕಡೆಗೇ ನೋಟ.

ರೇಡಿಯೋ ಕೇಳಿದವರು ನಿಕ್ಸನ್ ಗೆದ್ದರು ಅಂದರಂತೆ, ಟಿವಿ ನೋಡಿದವರು ಕೆನಡಿ ಅಂದರಂತೆ. ಇದರ ಹಿಂದಿನ ಸಮೀಕ್ಷೆ ತೀರಾ ಚಿಕ್ಕದು. ನಾವಾದರೆ ತಲೆಬರಹ ಕೊಡುವುದಿಲ್ಲ. ಆದರೂ ರಾಜಕಾರಣಿಗಳು ಅದನ್ನು ನಂಬಿದರು. ದೇಶದ ಒಟ್ಟು ಮತದಲ್ಲಿ ಕೆನಡಿಗೆ ಸಿಕ್ಕ ಅಂತರ ಸುಮಾರು 1.12 ಲಕ್ಷ ಅಷ್ಟೇ. ಮುಂದಿನ ಮೂರು ಚುನಾವಣೆಗಳಲ್ಲಿ ಇಂಥ ಚರ್ಚೆಯೇ ನಡೆಯಲಿಲ್ಲ. 1976ರಲ್ಲಿ ಮತ್ತೆ ಶುರುವಾದಾಗ ಫಿಲಡೆಲ್ಫಿಯಾದಲ್ಲಿ ಧ್ವನಿ ಕೈಕೊಟ್ಟಿತು. ಫೋರ್ಡ್ ಮತ್ತು ಕಾರ್ಟರ್ 27 ನಿಮಿಷ ಸುಮ್ಮನೆ ನಿಂತರು. ಮಾತಿಲ್ಲ, ಮುಖ ಮಾತ್ರ.

ರಾಜಕೀಯ ಬಿಡಿ, ಕಿವಿಯಿಂದಲೇ ಅಳೆಯಬೇಕಾದ ಸಂಗೀತದ ಗತಿ ಏನು? 2007ರ ಜನವರಿ 12ರ ಬೆಳಿಗ್ಗೆ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ಅಮೆರಿಕದ ರಾಜಧಾನಿಯಲ್ಲಿ ಒಂದು ಪರೀಕ್ಷೆ ಮಾಡಿತು. ಹೆಸರಾಂತ ಪಿಟೀಲು ವಾದಕ ಜೋಶುವಾ ಬೆಲ್ ಟೋಪಿ ಹಾಕಿಕೊಂಡು ಮೆಟ್ರೋ ನಿಲ್ದಾಣದಲ್ಲಿ ನಿಂತರು. ಕೈಯಲ್ಲಿ 1713ರಲ್ಲಿ ತಯಾರಾದ ಸ್ಟ್ರಾಡಿವೇರಿಯಸ್ ಪಿಟೀಲು. ಶುರು ಮಾಡಿದ್ದು ಬಾಖ್ ರಚಿಸಿದ ‘ಶಕೋನ್’. ಒಂದೇ ಪಿಟೀಲು, ಒಂದೇ ಕಮಾನು; ಆದರೆ ಹಲವು ದನಿಗಳು ಒಟ್ಟಿಗೆ ಹಾಡಿದಂತೆ ಕೇಳಿಸಬೇಕು. ಅಷ್ಟು ಕಷ್ಟದ ಕೃತಿ. 43 ನಿಮಿಷದಲ್ಲಿ 1,097 ಜನ ಹಾದುಹೋದರು. ಒಂದು ನಿಮಿಷವಾದರೂ ನಿಂತವರು 7 ಜನ. ಪೆಟ್ಟಿಗೆಗೆ ಬಿದ್ದಿದ್ದು 32 ಡಾಲರ್ ಚಿಲ್ಲರೆ. ಮೂರು ದಿನದ ಹಿಂದೆ ಬಾಸ್ಟನ್‌ನಲ್ಲಿ ಅವರ ಕಛೇರಿಗೆ ಸಭಾಂಗಣ ತುಂಬಿತ್ತು.

ಇವರು ಬೆಲ್ ಎಂದು ಗುರುತಿಸಿದ್ದು ಒಬ್ಬಾಕೆ ಮಾತ್ರ. ಎದುರಿಗೇ ಬಂದು ನಿಂತು, ನಗುತ್ತಾ ಕೇಳಿ, ಬೇರೆಯಾಗಿ 20 ಡಾಲರ್ ಹಾಕಿದರು. ಕೆಲವೇ ವಾರಗಳ ಹಿಂದೆ ಬೆಲ್ ಕಛೇರಿಯಲ್ಲಿ ಅವರ ಮುಖವನ್ನು ಆಕೆ ನೋಡಿದ್ದರು.